ಬಸುರಿಯಾಗಿರುವಾಗ ಮನೆಯಲ್ಲೇ ವ್ಯಾಪಾರ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಟ್ನಿಪುಡಿ ವ್ಯಾಪಾರ ಶುರು ಮಾಡಿದಾಗ ನನಗೆ ನಾಲ್ಕು ತಿಂಗಳು. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡು ಬರ್ನರ್ ಸ್ಟೌ, ಮದುವೆಯಲ್ಲಿ ಬಂದ ಮಿಕ್ಸಿ, ಇಷ್ಟೇ ಬಂಡವಾಳ. ತವರು ಹಾವೇರಿ ಕಡೆ, ಹಾಗಾಗಿ ಬ್ಯಾಡಗಿ ಮೆಣಸಿನಕಾಯಿಗೆ ಬರವಿರಲಿಲ್ಲ. ಈಗ ಮಗಳಿಗೆ ಎರಡು ವರ್ಷ ತುಂಬಿದೆ, ವ್ಯಾಪಾರವೂ ನಡೆಯುತ್ತಿದೆ. ಸೀಮಂತಕ್ಕೆ ಹೋದಲ್ಲಿ, ಲಸಿಕೆ ಹಾಕಿಸುವ ಸಾಲಿನಲ್ಲಿ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಇವೇ. ನಾನು ಡಾಕ್ಟರಲ್ಲ, ಆಡಿಟರೂ ಅಲ್ಲ. ಮಾಡಿ ನೋಡಿದ್ದನ್ನು ಹೇಳುತ್ತಿದ್ದೇನೆ.

ಬಸುರಿಯಾಗಿದ್ದಾಗಲೇ ಶುರು ಮಾಡಬೇಕಾ? ಹೆರಿಗೆ ಆದಮೇಲೆ ಮಾಡಿದರೆ ಆಗಲ್ವಾ?

ಆಗುತ್ತದೆ. ಯಾರೂ ಓಡಿಸುತ್ತಿಲ್ಲ. ಆದರೆ ಹೆರಿಗೆಯಾದ ಮೊದಲ ನಾಲ್ಕೈದು ತಿಂಗಳು ನಿಮ್ಮ ಕೈಗೆ ಸಿಗುವುದಿಲ್ಲ, ನಿದ್ದೆಯೂ ಸಿಗುವುದಿಲ್ಲ. ಲೈಸೆನ್ಸ್ ಮಾಡಿಸುವುದು, ಬೆಲೆ ಲೆಕ್ಕ ಹಾಕುವುದು, ನಾಲ್ಕು ಜನ ಗ್ರಾಹಕರನ್ನು ಹುಡುಕಿಕೊಳ್ಳುವುದು, ಇಂಥ ತಲೆಕೆಲಸವನ್ನೆಲ್ಲಾ ಈಗಲೇ ಮುಗಿಸಿಟ್ಟುಕೊಂಡರೆ ಆಮೇಲೆ ಬರೀ ಕೈಕೆಲಸ ಉಳಿಯುತ್ತದೆ. ನಾನು ಶುರು ಮಾಡಿದ್ದು ಇಷ್ಟೆಲ್ಲ ಯೋಚಿಸಿ ಅಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತು ತಲೆ ಕೆಟ್ಟಿತ್ತು, ಅಷ್ಟೇ.

ಡಾಕ್ಟರ್ ವಿಶ್ರಾಂತಿ ಬೇಕೇ ಬೇಕು ಅಂದಿದ್ದರೆ, ಅಥವಾ ಬಿಪಿ, ರಕ್ತಸ್ರಾವ, ಅವಳಿ ಮಕ್ಕಳು ಅಂತ ಏನಾದರೂ ಇದ್ದರೆ ಮೊದಲು ಅವರನ್ನೇ ಕೇಳಿ. ಮುಂದಿನದು ಓದುವುದು ಆಮೇಲೆ.

ಯಾವ ತಿಂಗಳಲ್ಲಿ ಶುರು ಮಾಡಿದರೆ ಒಳ್ಳೆಯದು?

ಮೊದಲ ಮೂರು ತಿಂಗಳು ವಾಂತಿ, ಸುಸ್ತು. ಒಗ್ಗರಣೆ ವಾಸನೆ ಬಂದರೆ ಬಚ್ಚಲಿಗೆ ಓಡುವ ಕಾಲ. ಆಗ ಕಾಗದಪತ್ರ ಮಾಡಿಸಿ, ಸಾಕು. ಸಾಮಾನ್ಯವಾಗಿ 12ರಿಂದ 14 ವಾರ ದಾಟಿದ ಮೇಲೆ ಮೈ ಹಗುರಾಗುತ್ತದೆ. ನಾಲ್ಕರಿಂದ ಏಳನೇ ತಿಂಗಳು ಒಳ್ಳೆಯ ಕಾಲ. ಎಂಟರಿಂದ ಇಳಿಸುತ್ತಾ ಬನ್ನಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನಿಮ್ಮ ಡೇಟು ಯಾವ ಹಬ್ಬದ ಹತ್ತಿರ ಬರುತ್ತದೆ ಅಂತ ಕ್ಯಾಲೆಂಡರ್ ತೆಗೆದು ನೋಡಿ. ತಿಂಡಿ ವ್ಯಾಪಾರಕ್ಕೆ ದೀಪಾವಳಿ, ಸಂಕ್ರಾಂತಿ ಸುಗ್ಗಿ, ಸೀರೆ ಕುಚ್ಚಿಗೆ ವರಮಹಾಲಕ್ಷ್ಮಿ ಮತ್ತು ಮದುವೆ ಸೀಸನ್. ಒಂಬತ್ತನೇ ತಿಂಗಳಿಗೂ ದೀಪಾವಳಿಗೂ ಒಂದೇ ವಾರ ಬಂದರೆ ಆ ದೀಪಾವಳಿಯನ್ನು ಮನಸಾರೆ ಬಿಟ್ಟುಬಿಡಿ. ಆರ್ಡರ್ ತಗೊಂಡು ಕೊಡದೇ ಹೋದರೆ ಆ ಗ್ರಾಹಕರು ಮುಂದಿನ ವರ್ಷವೂ ಬರುವುದಿಲ್ಲ.

ಯಾವ ವ್ಯಾಪಾರ ಮಾಡಲಿ?

ಎಲ್ಲರೂ ‘ಯಾವುದರಲ್ಲಿ ಜಾಸ್ತಿ ಲಾಭ’ ಅಂತ ಕೇಳುತ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ಇದನ್ನು ನಿಲ್ಲಿಸಬೇಕಾಗಿ ಬಂದರೆ ಏನು ನಷ್ಟ? ಬಸುರಿಗೆ ಬೇಕಾಗಿರುವುದು ಯಾವ ದಿನ ಬೇಕಾದರೂ ನಿಲ್ಲಿಸಲು ಆಗುವ ವ್ಯಾಪಾರ. ಈ ಒಂದು ಲೆಕ್ಕದಲ್ಲಿ ನೋಡಿದರೆ ಅರ್ಧ ಪಟ್ಟಿ ತಾನಾಗಿ ಹೋಗಿಬಿಡುತ್ತದೆ.

ದಿನಾ ಊಟದ ಡಬ್ಬಿ ಕೊಡುವುದು ಬೇಡ. ಹತ್ತು ಜನ ಮಧ್ಯಾಹ್ನದ ಊಟಕ್ಕೆ ನಿಮ್ಮನ್ನೇ ನಂಬಿಕೊಂಡಿರುತ್ತಾರೆ, ನಿಮಗೆ ಜ್ವರ ಬಂದ ದಿನ ಅವರೆಲ್ಲ ಉಪವಾಸ. ಹುಟ್ಟುಹಬ್ಬದ ಕೇಕ್ ಕೂಡ ಹಾಗೇ, ಆ ದಿನ ತಪ್ಪಿದರೆ ಮುಗಿಯಿತು. ಚಟ್ನಿಪುಡಿ, ಸಾಂಬಾರ್ ಪುಡಿ, ಹಪ್ಪಳದಂಥವು ಪರವಾಗಿಲ್ಲ, ಮೈ ಚೆನ್ನಾಗಿದ್ದ ದಿನ ಮಾಡಿ ಡಬ್ಬಿಗೆ ಹಾಕಿಟ್ಟರೆ ಒಂದು ವಾರ ನೀವು ಮಲಗಿದರೂ ಮಾರಾಟ ನಡೆಯುತ್ತದೆ. ನನ್ನ ಕೇಳಿದರೆ ಇದಕ್ಕಿಂತ ವಾಸಿ ಸೀರೆ ಕುಚ್ಚು. ಬಂಡವಾಳ ಅಂದರೆ ರೇಷ್ಮೆ ದಾರ, ಮಣಿ, ಸೂಜಿ. ಸೀರೆ ಅವರದ್ದೇ, ಆಗದಿದ್ದರೆ ಮಡಚಿ ವಾಪಸ್ ಕೊಡಬಹುದು, ಏನೂ ಹಳಸುವುದಿಲ್ಲ. ಆದರೆ ಕುತ್ತಿಗೆ ಬಗ್ಗಿಸಿ ಕೂತು ಬೆನ್ನು ಹೋಗುತ್ತದೆ, ಅದಕ್ಕೆ ದಿಂಬು ಇಟ್ಟು ಅರ್ಧ ಗಂಟೆಗೊಮ್ಮೆ ಏಳಬೇಕು. ಹೊಲಿಗೆಯವರು ಕಾಲಲ್ಲಿ ತುಳಿಯುವ ಮಷಿನ್ನಿಗೆ ಈಗಲೇ ಮೋಟಾರ್ ಹಾಕಿಸಿಕೊಳ್ಳಿ. ಟ್ಯೂಷನ್ ಒಳ್ಳೆಯದೇ, ಆದರೆ ಹೆರಿಗೆ ಪರೀಕ್ಷೆ ಹೊತ್ತಿಗೆ ಬೀಳದಿದ್ದರೆ ಮಾತ್ರ.

ರೆಸಿನ್ ಆರ್ಟ್ (ಅಂಟಿನಂಥ ದ್ರವವನ್ನು ಅಚ್ಚಿಗೆ ಹೊಯ್ದು ಅಲಂಕಾರದ ವಸ್ತು ಮಾಡುವುದು) ಈಗ ಬೇಡ, ಆ ಅಂಟಿನ ಹೊಗೆ ಒಳಗೆ ಹೋಗುವುದು ಒಳ್ಳೆಯದಲ್ಲ. ಮನೆಯಲ್ಲಿ ಪಾರ್ಲರ್ ನಡೆಸುವವರು ಕಿಟಕಿ ತೆಗೆದಿಡಿ, ಕೂದಲಿಗೆ ಹಾಕುವ ಘಾಟಿನ ರಾಸಾಯನಿಕಗಳ ಕೆಲಸ ಸದ್ಯಕ್ಕೆ ಒಪ್ಪಿಕೊಳ್ಳಬೇಡಿ.

ಅಡುಗೆಮನೆ ಬಿಸಿ, ಮೆಣಸಿನಕಾಯಿ ಘಾಟು… ನೀವು ಹೇಗೆ ತಡೆದುಕೊಂಡಿರಿ?

ತಡೆದುಕೊಳ್ಳಲಿಲ್ಲ. ಐದನೇ ತಿಂಗಳು, ಏಪ್ರಿಲ್ ಬಿಸಿಲು. ಎರಡು ಕೆಜಿ ಮೆಣಸಿನಕಾಯಿ ಒಟ್ಟಿಗೆ ಹುರಿದು ಮುಗಿಸಿಬಿಡೋಣ ಅಂತ ಬಾಣಲೆ ಇಟ್ಟೆ. ಅರ್ಧದಲ್ಲಿ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಕೆಮ್ಮಿ ಕೆಮ್ಮಿ ಹೊಟ್ಟೆ ಗಟ್ಟಿಯಾಗಿ ಬಿಗಿದುಕೊಂಡಿತು, ಕಣ್ಣಲ್ಲಿ ನೀರು, ಪಕ್ಕದ ಮನೆಯ ಆಂಟಿ ಓಡಿ ಬಂದು ಸ್ಟೌ ಆರಿಸಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಬೀಸಣಿಗೆ ಬೀಸಿದರು. ಅವತ್ತೇ ಡಾಕ್ಟರ್ ಹತ್ತಿರ ಹೋದೆ, ಮಗುವಿಗೇನೂ ಆಗಿರಲಿಲ್ಲ. ಅವ್ವನಿಗೆ ಫೋನ್ ಮಾಡಿದರೆ ಸಮಾಧಾನದ ಬದಲು ಬೈಗುಳ: ‘ಬಸುರಿ ಇದ್ದಾಕಿ ಖಾರ ಹುರೀತಿ, ಬುದ್ಧಿ ಐತೇನವಾ ನಿನಗ?’

ಮುಂದಿನ ವಾರವೇ ಅವ್ವ ಊರಲ್ಲೇ ಮೆಣಸಿನಕಾಯಿ ಒಣಗಿಸಿ, ತೊಟ್ಟು ತೆಗೆದು, ಖಾರ ಕುಟ್ಟಿಸಿ ಬಸ್ಸಿಗೆ ಹಾಕಿ ಕಳಿಸಿದಳು. ಆಮೇಲೆ ನಾನು ಮೆಣಸಿನಕಾಯಿ ಹುರಿಯಲೇ ಇಲ್ಲ. ನಿಮಗೆ ಹಾಗೆ ಕಳಿಸುವವರು ಇಲ್ಲದಿದ್ದರೆ ಗಿರಣಿಗೆ ಕೊಡಿ. ಬೀಸುವ ಕೂಲಿ ಜಾಸ್ತಿಯೇನಲ್ಲ.

ಉಳಿದ ಹುರಿಯುವ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿಸುತ್ತಿದ್ದೆ. ಎತ್ತರದ ಸ್ಟೂಲ್ ಒಂದು ತಂದೆ, ಇಡೀ ವ್ಯಾಪಾರದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಮಾಡಿಲ್ಲ. ಕೂತು ಹುರಿಯುವುದು, ಕೂತು ತೂಗುವುದು. ಶೇಂಗಾ ಮೂಟೆಯನ್ನು ಅಂಗಡಿ ಹುಡುಗ ಒಳಗೇ ತಂದಿಟ್ಟು ಹೋಗಬೇಕು ಅಂತ ಮೊದಲೇ ಮಾತು. ನಾವು ಎತ್ತುವುದು ಒಂದು ಸಲಕ್ಕೆ ಎರಡು ಕೆಜಿ ಡಬ್ಬಿ, ಅಷ್ಟೇ.

ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಬಹುದು?

ಗಂಟೆ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ನಾನು ಏಳನೇ ತಿಂಗಳವರೆಗೆ ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಮಾಡುತ್ತಿದ್ದೆ, ಮಧ್ಯೆ ನಿದ್ದೆ. ಸ್ಕ್ಯಾನಿಂಗ್ ದಿನ, ರಕ್ತಪರೀಕ್ಷೆ ದಿನ ಆರ್ಡರ್ ಇಟ್ಟುಕೊಳ್ಳಬೇಡಿ. 18ರಿಂದ 20 ವಾರದ ದೊಡ್ಡ ಸ್ಕ್ಯಾನು, 24ರಿಂದ 28 ವಾರದ ಸಕ್ಕರೆ ಪರೀಕ್ಷೆ, ಎರಡಕ್ಕೂ ಅರ್ಧ ದಿನ ಆಸ್ಪತ್ರೆಯಲ್ಲೇ ಕಳೆಯುತ್ತದೆ.

ಕೆಲವು ಲಕ್ಷಣ ಕಂಡರೆ ಒಲೆ ಆರಿಸಿ ಆಸ್ಪತ್ರೆಗೆ ಹೊರಡಬೇಕು: ರಕ್ತ ಕಾಣಿಸಿದರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಕೈ ಏಕಾಏಕಿ ಊದಿಕೊಂಡರೆ, ಮಗು ಒದೆಯುವುದು ಕಮ್ಮಿ ಅನ್ನಿಸಿದರೆ. ‘ಈ ಒಂದು ಪ್ಯಾಕೆಟ್ ಮುಗಿಸಿ’ ಅನ್ನಬೇಡಿ. ಆಂಬುಲೆನ್ಸ್ 108. ಈ ನಂಬರ್ ಜೊತೆಗೆ ಗಂಡನ ನಂಬರನ್ನೂ ಫ್ರಿಜ್ ಮೇಲೆ ಅಂಟಿಸಿಡಿ, ಪಕ್ಕದ ಮನೆಯವರಿಗೆ ಕಾಣುವ ಹಾಗೆ.

ಬಂಡವಾಳ ಎಷ್ಟು ಬೇಕು? ಸಾಲ ತಗೊಳ್ಳಬಹುದಾ?

ನಾನು ಹಾಕಿದ್ದು 8,000 ರೂಪಾಯಿ. ತೂಕದ ಯಂತ್ರ, ಪೌಚ್ ಬಿಸಿ ಮಾಡಿ ಮುಚ್ಚುವ ಸೀಲಿಂಗ್ ಮಷಿನ್, ನೂರು ಪೌಚ್, ಲೇಬಲ್, ಸಾಮಾನು. ಅದರಲ್ಲೂ ಸ್ವಲ್ಪ ಉಳಿಯಿತು.

ಸಾಲ ಸಿಗುತ್ತದೆ. ಮುದ್ರಾ ಯೋಜನೆಯಲ್ಲಿ ಅಡಮಾನ ಇಲ್ಲದೆ 50,000ದವರೆಗೆ ಕೊಡುವ ಸಾಲದ ಹೆಸರೇ ‘ಶಿಶು’, ನಮ್ಮಂಥವರಿಗೆ ಅಂತಲೇ ಇಟ್ಟ ಹಾಗಿದೆ! ಅದಕ್ಕಿಂತ ಮೇಲೆ 5 ಲಕ್ಷದವರೆಗೆ ‘ಕಿಶೋರ್’. ನಮ್ಮ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗೆ ಬ್ಯಾಂಕ್ ಸಾಲಕ್ಕೆ ಸಹಾಯಧನವಿದೆ, ಅದಕ್ಕೆ ಆದಾಯದ ಮಿತಿ ಇದೆ. ಹಪ್ಪಳ, ಪುಡಿ, ಉಪ್ಪಿನಕಾಯಿಯಂಥ ಕಿರು ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಅಂತ ಕೇಂದ್ರ ಸರ್ಕಾರದ ಬೇರೆ ಸಹಾಯಧನ ಯೋಜನೆ 2020ರಲ್ಲಿ ಬಂತು, ಯಂತ್ರ ತಗೊಂಡು ದೊಡ್ಡದಾಗಿ ಮಾಡುವವರಿಗೆ ಅದು.

ಆದರೆ ಈಗ ತಗೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಂತಿಗೆ ಬಾಣಂತನ ಗೊತ್ತಾಗುವುದಿಲ್ಲ. ಮೂರು ತಿಂಗಳು ವ್ಯಾಪಾರ ನಿಲ್ಲುತ್ತದೆ ಅಂತ ಗೊತ್ತಿದ್ದೂ ತಿಂಗಳ ಕಂತು, ಅದರಲ್ಲೂ ವಾರದ ಕಂತಿನ ಸಾಲ ತಲೆ ಮೇಲೆ ಹಾಕಿಕೊಂಡರೆ ಹಸಿ ಮೈಯಲ್ಲಿ ಒಲೆ ಮುಂದೆ ನಿಲ್ಲಬೇಕಾಗುತ್ತದೆ. ಮಗು ತೆವಳುವ ಹೊತ್ತಿಗೆ ಬ್ಯಾಂಕಿಗೆ ಹೋಗಿ, ಆಗ ತೋರಿಸಲು ನಿಮ್ಮ ಹತ್ತಿರ ವ್ಯಾಪಾರದ ಲೆಕ್ಕವೂ ಇರುತ್ತದೆ.

ಬೆಲೆ ಹೇಗೆ ಇಡುವುದು?

ಇದರಲ್ಲಿ ನಾನು ಚೆನ್ನಾಗಿ ಮೋಸ ಹೋದೆ, ಬೇರೆ ಯಾರಿಂದಲೂ ಅಲ್ಲ, ನನ್ನಿಂದಲೇ. ಆಗಿನ ದರದಲ್ಲಿ ನನ್ನ ಪುಸ್ತಕದ ಲೆಕ್ಕ ಹೀಗಿತ್ತು: ಶೇಂಗಾ ಎರಡು ಕೆಜಿ 300 ರೂಪಾಯಿ, ಒಣ ಕೊಬ್ಬರಿ 60, ಖಾರ 90, ಬೆಳ್ಳುಳ್ಳಿ 30, ಜೀರಿಗೆ ಕರಿಬೇವು ಹುಣಸೆ ಬೆಲ್ಲ ಉಪ್ಪು ಎಲ್ಲ ಸೇರಿ 40. ಒಟ್ಟು 520. ಹುರಿದು ಸಿಪ್ಪೆ ತೂರಿದ ಮೇಲೆ ಶೇಂಗಾ ತೂಕ ಇಳಿಯುತ್ತದೆ, ಕೊನೆಗೆ ಕೈಗೆ ಬಂದದ್ದು ಕಾಲು ಕೆಜಿಯ ಒಂಬತ್ತು ಪೌಚ್. ಅಂದರೆ ಸಾಮಾನು ಖರ್ಚೇ ಪೌಚಿಗೆ 58. ಪೌಚು, ಲೇಬಲ್ಲಿಗೆ 9, ಗ್ಯಾಸ್ ಕರೆಂಟಿಗೆ 5 ಸೇರಿಸಿದರೆ 72. ನಾನು 90ಕ್ಕೆ ಮಾರಿದೆ. 18 ರೂಪಾಯಿ ಲಾಭ ಅಂತ ಕುಣಿದೆ.

ನಮ್ಮನೆಯವರು ಒಂದು ದಿನ ಕೇಳಿದರು, ‘ಇದಕ್ಕೆ ಎಷ್ಟು ಹೊತ್ತು ನಿಂತೆ?’ ಐದು ಗಂಟೆ. ಒಂಬತ್ತು ಪೌಚಿಗೆ 162 ರೂಪಾಯಿ. ಗಂಟೆಗೆ 32. ಏಳು ತಿಂಗಳ ಬಸುರಿ ಕಾಲು ಊದಿಸಿಕೊಂಡು ಗಂಟೆಗೆ 32 ರೂಪಾಯಿ ದುಡಿಯುತ್ತಿದ್ದಾಳೆ! ಗಂಟೆಗೆ 60 ಅಂತ ನನ್ನ ಕೂಲಿ ಸೇರಿಸಿದರೆ ಪೌಚಿನ ಅಸಲೇ 105 ಆಗುತ್ತದೆ. ಮುಂದಿನ ವಾರ 140 ಮಾಡಿದೆ. ಇಬ್ಬರು ಬಿಟ್ಟುಹೋದರು, ಉಳಿದವರು ತುಟಿ ಪಿಟಕ್ ಅನ್ನಲಿಲ್ಲ. ನಿಮ್ಮ ಕೂಲಿ ಸೇರಿಸದೆ ಬೆಲೆ ಹಾಕಬೇಡಿ, ಯಾಕಂದರೆ ನಾಳೆ ನೀವು ಮಲಗಿದಾಗ ಆ ಕೆಲಸಕ್ಕೆ ಯಾರನ್ನಾದರೂ ಕರೆಯಬೇಕಾಗುತ್ತದೆ, ಅವರು ಸುಮ್ನೆ ಬರುವುದಿಲ್ಲ.

ಮನೆಯಲ್ಲಿ ಮಾಡುವ ತಿಂಡಿಗೂ ಎಫ್‌ಎಸ್‌ಎಸ್‌ಎಐ ಬೇಕಾ?

ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ. ಮಾರುವುದಾದರೆ ಅದರ ನೋಂದಣಿ ಬೇಕು. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಮಾರಿದರೂ ಬೇಕು. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದೊಳಗೆ ಇದ್ದವರಿಗೆ ಬೇಸಿಕ್ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಫಾಸ್‌ಕಾಸ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ನೀವೇ ಮಾಡಬಹುದು. ಫೋಟೋ, ಆಧಾರ್, ವಿಳಾಸದ ದಾಖಲೆ, ಬಾಡಿಗೆ ಮನೆಯಾದರೆ ಕರಾರುಪತ್ರ. ಏಜೆಂಟ್ ಒಬ್ಬ ನನಗೆ 2,500 ಕೇಳಿದ್ದ. ಸೋಫಾ ಮೇಲೆ ಕಾಲು ಚಾಚಿ ಕೂತು ನಾನೇ ಒಂದು ಮಧ್ಯಾಹ್ನದಲ್ಲಿ ತುಂಬಿದೆ.

14 ಅಂಕಿಯ ನಂಬರ್ ಬರುತ್ತದೆ, ಅದು ಲೇಬಲ್ ಮೇಲೆ ಇರಬೇಕು. ಜೊತೆಗೆ ಪದಾರ್ಥಗಳ ಪಟ್ಟಿ (ಜಾಸ್ತಿ ಇರುವುದು ಮೊದಲು), ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ದೂರಿಗೆ ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು. ಶೇಂಗಾ ಇದ್ದರೆ ದಪ್ಪ ಅಕ್ಷರದಲ್ಲಿ ಹೇಳಿ, ಕೆಲವರಿಗೆ ಅದು ಅಲರ್ಜಿ. ಅಗಸೆ ಪುಡಿ ಬೇಗ ಕಮಟು ಹಿಡಿಯುತ್ತದೆ, ಶೇಂಗಾ ಪುಡಿಗೆ ಹಾಕಿದಷ್ಟೇ ದಿನ ಅದಕ್ಕೂ ಹಾಕಬೇಡಿ.

ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಇದು ನಿಯಮ. ನಾನು ಇಂಡಕ್ಷನ್ ಒಲೆ ತಗೊಂಡೆ, ಬಿಸಿಯೂ ಕಮ್ಮಿ. ಮನೆ ಓನರ್‌ಗೆ ಒಂದು ಮಾತು ಹೇಳಿಬಿಡಿ. ಮೊದಲ ಪೌಚು ಅವರ ಮನೆಗೇ ಹೋಗಲಿ.

ಬಾಣಂತಿ ಲೇಹ್ಯ ಮಾರಬಹುದಾ? ನಮ್ಮ ಅಜ್ಜಿ ಮಾಡುವುದು ತುಂಬಾ ಚೆನ್ನಾಗಿರುತ್ತದೆ.

ಅಂಟಿನುಂಡೆ, ಕೊಬ್ಬರಿ ಉಂಡೆ ತಿಂಡಿ ಅಂತ ಮಾರಿ. ‘ಹಾಲು ಹೆಚ್ಚುತ್ತದೆ, ಸೊಂಟನೋವು ಹೋಗುತ್ತದೆ’ ಅಂತ ಬರೆದರೆ ಅದು ಔಷಧ ಮಾರಿದ ಹಾಗೆ. ಅದಕ್ಕೆ ಆಯುಷ್ ಇಲಾಖೆಯ ಬೇರೆ ಲೈಸೆನ್ಸ್ ಬೇಕು.

ಜಿಎಸ್‌ಟಿ ಮಾಡಿಸಬೇಕಾ? ಗೃಹಲಕ್ಷ್ಮಿ ದುಡ್ಡು ನಿಂತುಹೋಗುತ್ತಾ?

ಈ ಎರಡೂ ಪ್ರಶ್ನೆ ಯಾವಾಗಲೂ ಒಟ್ಟಿಗೇ ಬರುತ್ತವೆ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಹೊಲಿಗೆ ಟ್ಯೂಷನ್‌ನಂಥ ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಮ್ಮ ನಿಮ್ಮ ಚಟ್ನಿಪುಡಿ ಅಲ್ಲಿಗೆ ಮುಟ್ಟಲು ಕಾಲ ಇದೆ. ಆದರೆ ತೆರಿಗೆ ಬೀಳುವ ಸರಕನ್ನು ಪುಣೆಗೋ ಹೈದರಾಬಾದಿಗೋ ಮಾರಿದರೆ ಈ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ ಮಾಡಿಸಬೇಕಾಗುತ್ತದೆ. ಹಾಗಾಗಿ ಶುರುವಿಗೆ ಕರ್ನಾಟಕದೊಳಗೇ ಮಾರಿ.

ಗೃಹಲಕ್ಷ್ಮಿಯ ನಿಯಮ: ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ 2,000 ರೂಪಾಯಿ ಬರುವುದಿಲ್ಲ. ಬರೀ ಎಫ್‌ಎಸ್‌ಎಸ್‌ಎಐ ಮಾಡಿಸಿದರೆ ಏನೂ ಆಗುವುದಿಲ್ಲ. ಯಾರೋ ‘ಎಲ್ಲರಿಗೂ ಜಿಎಸ್‌ಟಿ ಬೇಕಮ್ಮ’ ಅಂದರು ಅಂತ ಅಗತ್ಯವಿಲ್ಲದೆ ಮಾಡಿಸಿಕೊಂಡು, ಆಮೇಲೆ ಮನೆಗೆ ಬರುವ ದುಡ್ಡು ನಿಂತಾಗ ಅಳುವುದು ಬೇಡ.

ಇನ್ನೊಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು ನೆನಪಿದೆ ಅಲ್ವಾ? ಕೆಲವರು ಕ್ಯೂಆರ್ ಕೋಡೇ ಕಿತ್ತುಹಾಕಿದರು. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಂಡರೆ ಅಣ್ಣ ಸೀಮಂತಕ್ಕೆ ಹಾಕಿದ ದುಡ್ಡು ಯಾವುದು, ಚಟ್ನಿಪುಡಿ ದುಡ್ಡು ಯಾವುದು ಅಂತ ತೋರಿಸುವುದು ಸುಲಭ.

ಉದ್ಯಮ್ ನೋಂದಣಿ?

ಸಣ್ಣ ವ್ಯಾಪಾರದವರು ಸರ್ಕಾರದಲ್ಲಿ ಹೆಸರು ಬರೆಸುವುದು ಇದು. ಉಚಿತ. ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ, ಮುಚ್ಚಿಬಿಡಿ.

ನಾನು ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ. ಹೆರಿಗೆ ರಜೆಯಲ್ಲಿ ವ್ಯಾಪಾರ ಶುರು ಮಾಡಬಹುದಾ?

ಹುಷಾರು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಸಿಗುತ್ತದೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೊಳ್ಳಬಹುದು. ಆ ರಜೆಯಲ್ಲಿ ಬೇರೆ ಕಡೆ ಕೆಲಸಕ್ಕೆ ಹೋದರೆ ಸೌಲಭ್ಯ ಕಳೆದುಕೊಳ್ಳಬೇಕಾಗಬಹುದು. ಸ್ವಂತ ವ್ಯಾಪಾರದ ಬಗ್ಗೆ ನಿಮ್ಮ ನೇಮಕಾತಿ ಪತ್ರದಲ್ಲಿ ಏನಿದೆ ಅಂತ ಓದಿ. ಎಷ್ಟೋ ಕಂಪನಿಗಳು ಬೇರೆ ವ್ಯಾಪಾರ ಮಾಡುವಂತಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಕೆಲಸ ಬಿಡುವ ಯೋಚನೆ ಇದ್ದರೆ ಹೆರಿಗೆಗೆ ಮುಂಚೆ ರಾಜೀನಾಮೆ ಕೊಡಬೇಡಿ. ನಾನು ಕೊಟ್ಟೆ. ಮೂರನೇ ತಿಂಗಳಲ್ಲಿ, ಮ್ಯಾನೇಜರ್ ಮೇಲಿನ ಸಿಟ್ಟಿಗೆ. 26 ವಾರದ ಸಂಬಳ ಎಷ್ಟಾಗುತ್ತಿತ್ತು ಅಂತ ನಮ್ಮನೆಯವರು ಇವತ್ತಿಗೂ ಒಮ್ಮೊಮ್ಮೆ ನೆನಪಿಸುತ್ತಾರೆ.

ಸ್ವಂತ ವ್ಯಾಪಾರದವರಿಗೆ ಹೆರಿಗೆಗೆ ಏನೂ ಸಿಗಲ್ವಾ?

ಸಂಬಳದ ರಜೆ ಇಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ, ಎರಡನೆಯದು ಹೆಣ್ಣಾದರೆ 6,000. ಅರ್ಹತೆಗೆ ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಹೀಗೆ ಹಲವು ದಾರಿಗಳಿವೆ. ಅಂಗನವಾಡಿ ಟೀಚರನ್ನು ಕೇಳಿ, ತಾಯಿ ಕಾರ್ಡ್ ತಗೊಂಡು ಹೋಗಿ. ಅಲ್ಲಿ ಮಾತೃಪೂರ್ಣ ಊಟವೂ ಇದೆ, 2017ರಿಂದ ನಡೆಯುತ್ತಿದೆ. ಆರೋಗ್ಯ ವಿಮೆಯನ್ನು ಈಗ ಮಾಡಿಸಿದರೆ ಈ ಹೆರಿಗೆಗೆ ಬರುವುದು ಕಷ್ಟ, ಹೆಚ್ಚಿನ ಪಾಲಿಸಿಗಳಲ್ಲಿ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇರುತ್ತದೆ. ಹಾಗಾಗಿ ನಾನು ಪ್ರತಿ ಪೌಚಿಗೆ 20 ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಆಸ್ಪತ್ರೆ ಬಿಲ್ಲಿಗೆ ಅದು ಸಾಲಲಿಲ್ಲ, ಆದರೆ ಬಾಣಂತನಕ್ಕೆ ತುಪ್ಪ ಆಯಿತು.

ಅತ್ತೆ ಮನೆಯಲ್ಲಿ ಬೇಡ ಅನ್ನುತ್ತಾರೆ. ಏನು ಮಾಡಲಿ?

ಬೇಡ ಅನ್ನುವುದಕ್ಕೆ ಕಾರಣ ಏನು ಅಂತ ಕೇಳಿ. ನಮ್ಮತ್ತೆಗೆ ಮಗುವಿನ ಚಿಂತೆಗಿಂತ ‘ಜನ ಏನಂತಾರೆ, ಬಸುರಿ ಸೊಸೆ ಕೈಲಿ ದುಡಿಸುತ್ತಿದ್ದಾರೆ ಅಂತಾರೆ’ ಅನ್ನುವ ಚಿಂತೆ ಜಾಸ್ತಿ ಇತ್ತು. ವಾದ ಮಾಡಲಿಲ್ಲ. ಉಪ್ಪು ಹುಳಿ ನೋಡಿ ಹೇಳಿ ಅಂತ ಮೊದಲ ರುಚಿ ಅವರ ಕೈಗೆ ಕೊಡಲು ಶುರು ಮಾಡಿದೆ. ಹದಿನೈದು ದಿನದಲ್ಲಿ ‘ನಮ್ಮ ಚಟ್ನಿಪುಡಿ’ ಅನ್ನತೊಡಗಿದರು. ಎಲ್ಲರ ಮನೆಯಲ್ಲೂ ಇದು ನಡೆಯುತ್ತದೆ ಅಂತ ಹೇಳುವುದಿಲ್ಲ.

ಗ್ರಾಹಕರಿಗೆ ಬಸುರಿ ಅಂತ ಹೇಳಬೇಕಾ?

ಆರನೇ ತಿಂಗಳವರೆಗೆ ನಿಮ್ಮ ಇಷ್ಟ. ಆಮೇಲೆ ಹೇಳಿಬಿಡಿ, ‘ಈ ತಾರೀಖಿನಿಂದ ಮೂರು ತಿಂಗಳು ರಜೆ’ ಅಂತ. ನಾನು ಹೇಳಿದ ಮೇಲೆ ಆರ್ಡರ್ ಕಮ್ಮಿಯಾಗಲಿಲ್ಲ, ಜನ ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ತಗೊಂಡರು. 36 ವಾರದ ನಂತರದ ಆರ್ಡರಿಗೆ ಮುಂಗಡ ತಗೊಳ್ಳಲೇಬೇಡಿ. ದುಡ್ಡು ತಗೊಂಡಿಲ್ಲದಿದ್ದರೆ ಆಗಲ್ಲ ಅಂತ ಹೇಳುವುದು ಸುಲಭ.

ತವರಿಗೆ ಹೋದಾಗ ವ್ಯಾಪಾರ ಏನಾಗುತ್ತದೆ?

ನಮ್ಮ ಕಡೆಯ ಬಸುರಿಯರಿಗೆ ಇದೇ ದೊಡ್ಡ ಪ್ರಶ್ನೆ. ಸೀಮಂತ ಮುಗಿಸಿ ತವರಿಗೆ ಹೊರಟರೆ ಮೂರೋ ಐದೋ ತಿಂಗಳು ಅಲ್ಲೇ. ಎಫ್‌ಎಸ್‌ಎಸ್‌ಎಐ ನೋಂದಣಿ ಅಡುಗೆ ಮಾಡುವ ಜಾಗಕ್ಕೆ ಸೇರಿದ್ದು, ಬೆಂಗಳೂರಿನ ವಿಳಾಸದ ನಂಬರ್ ಹಾಕಿ ಹಾವೇರಿಯಲ್ಲಿ ಮಾಡಿದ ಪುಡಿ ಮಾರುವಂತಿಲ್ಲ. ಅಲ್ಲೂ ಮಾಡಬೇಕಿದ್ದರೆ ಅಲ್ಲಿಗೆ ಬೇರೆ ನೋಂದಣಿ.

ನಾನು ಡಾಕ್ಟರನ್ನು ಕೇಳಿಕೊಂಡು 34ನೇ ವಾರದಲ್ಲಿ ರೈಲು ಹತ್ತಿದೆ. ಹೋಗುವ ಮುಂಚೆ ಹತ್ತು ದಿನ ನಿಧಾನಕ್ಕೆ ಮಾಡಿ 40 ಪೌಚ್ ಸಿದ್ಧ ಇಟ್ಟಿದ್ದೆ. ಕೊರಿಯರ್ ಕೆಲಸ ನಮ್ಮನೆಯವರದ್ದು. ಶ್ರಾವಣ ಮಾಸ. ನಮ್ಮ ಗ್ರಾಹಕರಲ್ಲಿ ಒಬ್ಬರು ಅಜ್ಜಿ, ಶ್ರಾವಣದಲ್ಲಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಬೆಳ್ಳುಳ್ಳಿ ಹಾಕದ ಪೌಚು ಬೇರೆ ಇಟ್ಟಿದ್ದೆ, ಲೇಬಲ್ ಮೇಲೆ ಪೆನ್ನಿನಲ್ಲಿ ಸಣ್ಣಗೆ ಬರೆದಿದ್ದೆ, ಅದು ನನಗೆ ಮಾತ್ರ ಕಾಣುವಂತಿತ್ತು. ಇವರು ಮೇಲಿದ್ದ ಎರಡು ಪೌಚ್ ಎತ್ತಿ ಕಳಿಸಿಬಿಟ್ಟರು. ಅಜ್ಜಿ ತಟ್ಟೆಗೆ ಹಾಕಿಕೊಂಡ ಮೇಲೆ ವಾಸನೆ ಬಂದಿದೆ. ಫೋನಿನಲ್ಲಿ ಅವರು ಬೈಯಲಿಲ್ಲ, ‘ಊಟ ಬಿಟ್ಟು ಎದ್ದೆ ಕಣಮ್ಮ’ ಅಂದರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. 280 ರೂಪಾಯಿ ವಾಪಸ್ ಹಾಕಿದೆ. ಅವತ್ತಿನಿಂದ ಬೆಳ್ಳುಳ್ಳಿ ಇಲ್ಲದ ಪೌಚಿಗೆ ಹಸಿರು ರಬ್ಬರ್ ಬ್ಯಾಂಡ್. ನೀವಿಲ್ಲದಾಗ ಬೇರೆಯವರು ಪ್ಯಾಕ್ ಎತ್ತುತ್ತಾರೆ ಅಂತ ಗೊತ್ತಿದ್ದರೆ ಕಣ್ಣು ಮುಚ್ಚಿಕೊಂಡವರಿಗೂ ತಿಳಿಯುವ ಹಾಗೆ ಗುರುತು ಮಾಡಿ.

ಡೇಟಿಗಿಂತ ಮೊದಲೇ ಹೆರಿಗೆಯಾದರೆ?

ನನಗೆ 12 ದಿನ ಮೊದಲೇ ಆಯಿತು. ಹನ್ನೊಂದು ಆರ್ಡರ್ ಬಾಕಿ. ಇಂಥ ದಿನಕ್ಕೆ ಅಂತ ಒಂದು ಸಂದೇಶ ಮೊದಲೇ ಬರೆದು ನಮ್ಮನೆಯವರ ಫೋನಿನಲ್ಲಿ ಹಾಕಿಟ್ಟಿದ್ದೆ: ‘ಹೆರಿಗೆಯಾಗಿದೆ, ತಾಯಿ ಮಗು ಆರಾಮ, ನಿಮ್ಮ ಆರ್ಡರ್ ರದ್ದಾಗಿದೆ, ದುಡ್ಡು ಕೊಟ್ಟಿದ್ದರೆ ಎರಡು ದಿನದಲ್ಲಿ ವಾಪಸ್ ಬರುತ್ತದೆ.’ ಅವರು ಆಸ್ಪತ್ರೆ ವರಾಂಡದಲ್ಲಿ ನಿಂತು ಹನ್ನೊಂದು ಜನಕ್ಕೂ ಕಳಿಸಿದರು. ಒಂಬತ್ತು ಜನ ಮಗುವಿನ ಫೋಟೋ ಕೇಳಿದರು, ಒಬ್ಬರು ದುಡ್ಡು ಕೇಳಿದರು, ಇನ್ನೊಬ್ಬರು ‘ಸಾಂಬಾರ್ ಪುಡಿ ಆದರೂ ಇದೆಯಾ’ ಅಂದರು.

ಮನೆಯಲ್ಲೇ ಪೆನ್ಸಿಲ್ ಪ್ಯಾಕಿಂಗ್, ತಿಂಗಳಿಗೆ 30,000 ಅಂತ ಬರುತ್ತದಲ್ಲ, ಅದು ನಿಜವಾ?

ಸುಳ್ಳು. ನೋಂದಣಿಗೆ ಅಂತ ಮೊದಲು ದುಡ್ಡು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ಬಸುರಿಯರಿಗೆ ಪ್ರೋಟೀನ್ ಪುಡಿ ಮಾರಿ, ಕೆಳಗೆ ಮೂರು ಜನರನ್ನು ಸೇರಿಸಿ’ ಅನ್ನುವವರಿಂದಲೂ ದೂರ ಇರಿ. ಅವರು ಹುಡುಕುವುದೇ ನಮ್ಮಂಥವರನ್ನು, ಮನೆಯಲ್ಲಿದ್ದಾಳೆ, ದುಡ್ಡಿನ ಚಿಂತೆ ಇದೆ, ಪರಿಚಯದ ಹೆಂಗಸರು ಬೇಕಾದಷ್ಟು ಇದ್ದಾರೆ ಅಂತ.

ಹೆರಿಗೆಯಾದ ಮೇಲೆ ಮತ್ತೆ ಯಾವಾಗ ಶುರು ಮಾಡಬಹುದು?

ಸಿಸೇರಿಯನ್ ಆಗಿದ್ದರೆ ಹೊಲಿಗೆ ಮಾಗಿ ಡಾಕ್ಟರ್ ಸರಿ ಅನ್ನುವವರೆಗೆ ಭಾರ ಎತ್ತುವಂತಿಲ್ಲ. ಸಹಜ ಹೆರಿಗೆಯಾದರೂ ಮೂರು ತಿಂಗಳು ತಂಟೆಗೆ ಹೋಗಬೇಡಿ. ವ್ಯಾಪಾರದ ಫೋನು ಆಫ್ ಮಾಡಿ ಅವ್ವನ ಕೈಗೆ ಕೊಟ್ಟುಬಿಡಿ, ನಾನು ಹಾಗೇ ಮಾಡಿದ್ದು.

ನನ್ನದು ಆಗಸ್ಟಿನಲ್ಲಿ ಹೆರಿಗೆ. ದೀಪಾವಳಿ ಆರ್ಡರ್ ಒಂದೂ ತಗೊಳ್ಳಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಸಂಕ್ರಾಂತಿಗೆ ಎಳ್ಳುಬೆಲ್ಲದಿಂದ ಶುರು ಮಾಡಿದೆ, ಯಾಕಂದರೆ ಅದಕ್ಕೆ ಘಾಟಿಲ್ಲ, ಕೊಬ್ಬರಿ ಬೆಲ್ಲ ಕೂತುಕೊಂಡೇ ಹೆಚ್ಚಬಹುದು, ಮಗು ಎದ್ದರೆ ಚಾಕು ಕೆಳಗಿಟ್ಟು ಹೋಗಬಹುದು. ಪಕ್ಕದ ಮನೆ ಆಂಟಿ ಎದುರಿಗೆ ಕೂತು ಶೇಂಗಾ ಬೇಳೆ ಬಿಡಿಸುತ್ತಿದ್ದರು, ಮಗಳು ಅವರ ತೊಡೆ ಮೇಲೆ. ಒಂದು ವಾರದಲ್ಲಿ ಆರು ಕೆಜಿ ಹೋಯಿತು. ಅಜ್ಜಿಯೂ ಅರ್ಧ ಕೆಜಿ ಹೇಳಿದ್ದರು. ಅದಕ್ಕೂ ಒಂದು ಹಸಿರು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದೆ, ಎಳ್ಳುಬೆಲ್ಲಕ್ಕೆ ಬೆಳ್ಳುಳ್ಳಿ ಯಾರೂ ಹಾಕುವುದಿಲ್ಲ ಅಂತ ಗೊತ್ತಿದ್ದರೂ.